ಅಪ್‌ಡೇಟ್: ಒಂದೂವರೆ ದಿನದ ವಿಜಯಪುರ

ಶನಿವಾರ ಬೆಳಿಗ್ಗೆ ಇಳಿದು ಭಾನುವಾರ ಮಧ್ಯಾಹ್ನ ಹೊರಟರೆ ವಿಜಯಪುರ ನೋಡಿ ಮುಗಿಯುತ್ತದೆಯೇ ಎಂದು ಕೇಳಿದ್ದೆ. ಮುಗಿಯುತ್ತದೆ, ಆದರೆ ಗೋಳಗುಮ್ಮಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಬೇಕು ಎಂದವರ ಮಾತು ನೂರಕ್ಕೆ ನೂರು ನಿಜ.

ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟ. ಬಾಗಿದ ಗೋಡೆಯ ಗುಂಟ ದನಿ ಜಾರಿಕೊಂಡು ಹೋಗುವುದರಿಂದ ಪಿಸುಮಾತು ಎದುರು ಬದಿಗೆ ಸ್ಪಷ್ಟವಾಗಿ ತಲುಪುತ್ತದೆ. ಗೋಡೆಗೆ ಹತ್ತಿರ ಕೂತು, ಗೋಡೆಯತ್ತಲೇ ಮುಖಮಾಡಿ ಮಾತಾಡಿ. ಹತ್ತು ಜನ ಕೂಗಲು ಶುರುಮಾಡಿದರೆ ಮುಗಿಯಿತು, ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಈ ಪಿಸುಮಾತು ಕೇಳುವುದು ಗುಮ್ಮಟದ ಬುಡದ ಸುತ್ತಿರುವ ಮೊಗಸಾಲೆಯಲ್ಲಿ; ಅಲ್ಲಿಗೇರಲು ಮೂಲೆಯ ಗೋಪುರದೊಳಗೆ ಕಡಿದಾದ, ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಮೊಣಕಾಲು ನೋವಿದ್ದವರು ಕೆಳಗೇ ಉಳಿಯುವುದು ಒಳ್ಳೆಯದು.

ಗೋಳಗುಮ್ಮಟದ ಎದುರಿಗಿರುವ ನಗಾರಖಾನೆಯಲ್ಲಿನ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಸಂಜೆಗೆ ಊರಿನ ಪಶ್ಚಿಮ ಬದಿ: ಎತ್ತರದ ಕಾವಲು ಗೋಪುರ ಉಪ್ಪಲಿ ಬುರುಜು, ಮಲಿಕ್‌-ಎ-ಮೈದಾನ್ ಎಂಬ ದೊಡ್ಡ ಫಿರಂಗಿ, ಕೊನೆಗೆ ಸುಲ್ತಾನನ ಸಮಾಧಿ ಇಬ್ರಾಹಿಂ ರೋಜಾ. ಮೂರಕ್ಕೂ ಸೇರಿಸಿ ಒಂದೇ ಆಟೋ ಮಾತಾಡಿಕೊಳ್ಳಿ, ಕಾಯುವ ಹಣವನ್ನೂ ಮೊದಲೇ ಗೊತ್ತುಮಾಡಿ. ರೋಜಾದ ಕಲ್ಲಿನ ಕೆತ್ತನೆಗೇ ಒಂದು ಗಂಟೆ ಬೇಕು; ಅವಸರದಲ್ಲಿ ನೋಡಿದರೆ ಅನ್ಯಾಯ. ಅರ್ಧಕ್ಕೆ ನಿಂತ ಸಮಾಧಿ ಬಾರಾಕಮಾನು, ಜಾಮಿ ಮಸೀದಿ ಭಾನುವಾರ ಬೆಳಿಗ್ಗೆಗೆ ಸಾಕು.