ಪಾರ್ಶ್ವವಾಯುವಾದ ಕೈಯ ಕೀಲುಗಳನ್ನು ಎಷ್ಟರಮಟ್ಟಿಗೆ ಆಡಿಸಬಹುದು?

ಪ್ರಶ್ನೆ (ರಾಜಾಜಿನಗರದಿಂದ)
ನಮ್ಮ ಅತ್ತೆಯವರಿಗೆ 68 ವರ್ಷ. ಆರು ವಾರಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ದಿನ ಮನೆಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಅವರು ತೋರಿಸಿಕೊಟ್ಟಂತೆ ನಾನೇ ಕೀಲುಗಳನ್ನು ಆಡಿಸುತ್ತೇನೆ. ಕಾಲಿನ ವ್ಯಾಯಾಮಕ್ಕೆ ತೊಂದರೆಯಿಲ್ಲ. ಆದರೆ ಕೈಯನ್ನು ತಲೆಯ ಕಡೆಗೆ ಎತ್ತುವಾಗ ಭುಜ ನೋಯುತ್ತದೆಂದು ಮುಖ ಕಿವುಚುತ್ತಾರೆ; ಮುಚ್ಚಿಕೊಂಡ ಬೆರಳುಗಳಂತೂ ಬಿಡಿಸಲು ಹೋದಷ್ಟೂ ಬಿಗಿಯಾಗುತ್ತವೆ. ನೋವಾದರೂ ಬಿಡದೆ ಮಾಡಿಸಬೇಕು, ಇಲ್ಲವಾದರೆ ಕೈ ಸೆಟೆದುಕೊಂಡುಬಿಡುತ್ತದೆ ಎನ್ನುತ್ತಾರೆ ನೆಂಟರು. ನೋಯಿಸಲು ಮನಸ್ಸು ಬಾರದು, ನಿಲ್ಲಿಸಲು ಧೈರ್ಯ ಸಾಲದು. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಫಿಸಿಯೋಥೆರಪಿಸ್ಟ್, ಜಯನಗರ)
ನೋವು ಬಂದಲ್ಲಿಗೆ ನಿಲ್ಲಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ನಾವು ಕೈ ಎತ್ತುವಾಗ ತೋಳಿನ ಮೂಳೆಯ ಜೊತೆಗೆ ಬೆನ್ನಿನ ಮೇಲ್ಭಾಗದಲ್ಲಿರುವ ಹೆಗಲಿನ ಚಪ್ಪಟೆ ಮೂಳೆಯೂ ತಿರುಗುತ್ತದೆ. ಸ್ನಾಯುಗಳು ಸೋತಾಗ ಅದು ತಾನಾಗಿ ತಿರುಗುವುದಿಲ್ಲವಾದ್ದರಿಂದ, ಬರೀ ತೋಳನ್ನು ಎತ್ತಿದರೆ ಕೀಲಿನ ಮೃದು ಭಾಗಗಳು ಮೂಳೆಗಳ ನಡುವೆ ಸಿಕ್ಕಿ ನಲುಗುತ್ತವೆ. ಸದ್ಯಕ್ಕೆ ಕೈಯನ್ನು ಭುಜದ ಮಟ್ಟಕ್ಕಿಂತ, ಅಂದರೆ 90 ಡಿಗ್ರಿಗಿಂತ ಮೇಲೆ ಒಯ್ಯಬೇಡಿ. ಮೊಣಕೈಯನ್ನೂ ಮಣಿಕಟ್ಟನ್ನೂ ಆಧರಿಸಿ ಹಿಡಿದು, ಹೆಬ್ಬೆರಳು ಮೇಲ್ಮುಖವಾಗಿರುವಂತೆ ನಿಧಾನವಾಗಿ ಎತ್ತಿ, ಅಷ್ಟೇ ನಿಧಾನವಾಗಿ ಇಳಿಸಿ. ಒಂದು ಹೊತ್ತಿಗೆ 5ರಿಂದ 10 ಸಲ, ದಿನಕ್ಕೆ ಎರಡು ಹೊತ್ತು ಸಾಕು. ಚಪ್ಪಟೆ ಮೂಳೆಯನ್ನೂ ಜೊತೆಯಲ್ಲೇ ತಿರುಗಿಸುವ ಕ್ರಮವನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಎದುರಿಗೇ ಕಲಿಯಿರಿ. ಬರೆದು ಹೇಳಿದರೆ ಬರುವ ವಿದ್ಯೆ ಅದಲ್ಲ.

ಬೆರಳುಗಳನ್ನು ರಭಸದಿಂದ ಎಳೆದಷ್ಟೂ ಸ್ನಾಯು ಪ್ರತಿಯಾಗಿ ಬಿಗಿದುಕೊಳ್ಳುತ್ತದೆ. ಮೊದಲು ಮಣಿಕಟ್ಟನ್ನು ಅಂಗೈಯ ಕಡೆಗೆ ಬಾಗಿಸಿದರೆ ಬೆರಳು ಮಡಿಸುವ ಸ್ನಾಯುರಜ್ಜುಗಳು ಸಡಿಲವಾಗುತ್ತವೆ. ಆಗ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ಸರಿಸಿ, ಅನಂತರ ಉಳಿದವನ್ನು ಬಿಡಿಸಿ. ತುದಿ ಹಿಡಿದು ಎಳೆಯಲೇಬಾರದು.

ಉತ್ತರ (ಬಸವನಗುಡಿಯಿಂದ)
ತಂದೆಯವರಿಗೆ ಹೀಗಾದಾಗ ನಾವು ವ್ಯಾಯಾಮವನ್ನು ಶ್ರದ್ಧೆಯಿಂದ ಮಾಡಿಸುತ್ತಿದ್ದೆವು. ಆದರೆ ಅವರನ್ನು ಏಳಿಸಿ ಕೂರಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುತ್ತಿದ್ದೆವು. ಭುಜದ ಕೀಲು ಜಾರಿದೆಯೆಂದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಕುಳಿತಾಗ ಕೈಯ ಕೆಳಗೆ ದಿಂಬಿಡಿ, ರವಿಕೆ ತೊಡಿಸುವಾಗ ಮೊದಲು ಸೋತ ಕೈಗೆ ತೊಡಿಸಿ.

ಉತ್ತರ (ನಿವೃತ್ತ ನರ್ಸ್)
ಒಂದು ಎಚ್ಚರಿಕೆ. ಯಾವುದಾದರೂ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ಆಡಿಸಬೇಡಿ, ತಿಕ್ಕಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಕಾಲಿನಲ್ಲಿ ಊತವಿಲ್ಲ, ಈಗಷ್ಟೇ ನೋಡಿದೆ. ಏಳಿಸುವಾಗ ನಾವೂ ಕೈ ಹಿಡಿದೇ ಎಳೆಯುತ್ತಿದ್ದೆವು. ಮನೆಯವರೆಲ್ಲರಿಗೂ ಇವತ್ತೇ ಹೇಳುತ್ತೇನೆ.