ಚಿನ್ನದ ಎಲೆನಾ, ರೇಕಾ? ಜೊತೆಗೆ 'ನಲುಗು' ಅನ್ನೋ ಪದ ಪಾರ್ಸಲ್ ಮೇಲೆ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಚಿನ್ನದ ತೆಳು ಹಾಳೆ (ಇಂಗ್ಲಿಷಿನ ಗೋಲ್ಡ್ ಲೀಫ್) ಪಾರ್ಸಲ್ ಮಾಡೋದರ ಬಗ್ಗೆ ಒಂದೇ ಒಂದು ಪುಟದ ಕೈಚೀಟಿ ಬರೆಯೋಕೆ ಕೂತು ಮೂರು ವಾರ ಆಯ್ತು, ಇನ್ನೂ ಮುಗಿದಿಲ್ಲ, ವಿಷಯ ಗೊತ್ತಿಲ್ದೆ ಅಲ್ಲ, ಪದ ಸಿಗ್ದೆ. ಅದಕ್ಕೇ ನಿಮ್ಮೆಲ್ಲರ ಮುಂದೆ ಇಡ್ತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾವಿರೋದು ಮಡಿಕೇರಿ. ಮೈಸೂರು ಶೈಲಿ ಚಿತ್ರಗಳಿಗೆ, ಹಳೇ ಫೋಟೋ ಕಟ್ಟುಗಳಿಗೆ, ಮನೆ ದೇವರ ಮಂಟಪಗಳಿಗೆ ಚಿನ್ನ ಕೂರಿಸೋ ಕೆಲಸ ನಮ್ದು. ಇತ್ತೀಚೆಗೆ ಈ ಕೆಲಸ ಕಲಿಯೋರಿಗೆ ಸಾಮಾನು ಕಳಿಸೋದೂ ಶುರು ಮಾಡಿದೀವಿ, ಪ್ಯಾಕಿಂಗಿಗೆ ಪಕ್ಕದ ಮನೆಯ ಇಬ್ಬರು ಹುಡುಗೀರು ಬರ್ತಾರೆ, ಅವರಿಗೋಸ್ಕರ ಮತ್ತೆ ಪಾರ್ಸಲ್ ತಗೊಳೋರಿಗೋಸ್ಕರ ಈ ಕೈಚೀಟಿ.

ಮೊದ್ಲು ವಸ್ತು ಏನು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ಪದದ ಮಾತು ಗಾಳಿಲಿ ಹೋಗುತ್ತೆ. ಚಿನ್ನಾನ ಬಡಿದು ಬಡಿದು ಒಂದು ಮೈಕ್ರಾನಿನ ಹತ್ತನೇ ಒಂದು ಪಾಲಿನಷ್ಟು ತೆಳ್ಳಗೆ ಮಾಡಿರ್ತಾರೆ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಇದೆಯಲ್ಲ, ಅದು ಇದಕ್ಕಿಂತ ನೂರು ಪಟ್ಟು ದಪ್ಪ. ಕಿಟಕಿ ಬೆಳಕಿಗೆ ಹಿಡಿದ್ರೆ ಚಿನ್ನದ ಆಚೆಯಿಂದ ಬೆಳಕು ಹಸಿರು ಹಸಿರಾಗಿ ಕಾಣುತ್ತೆ, ಮೊದಲ ಸಲ ನೋಡ್ದಾಗ ನಾನು ಉಸಿರೇ ಬಿಡ್ಲಿಲ್ಲ, ಬಿಡ್ಲೂಬಾರ್ದು, ಬಿಟ್ರೆ ಅದು ಹಾರಿ ಹೋಗುತ್ತೆ. ಕೈಯಲ್ಲಿ ಮುಟ್ಟೋ ಹಾಗಿಲ್ಲ, ಬೆರಳಿಗೆ ಅಂಟಿ ಅಲ್ಲೇ ಮಾಯ ಆಗುತ್ತೆ, ಅಗಲವಾದ ಅಳಿಲಿನ ಕೂದಲಿನ ಕುಂಚದಲ್ಲಿ ಎತ್ತಬೇಕು. ಸುಮಾರು 80 ಮಿಲಿಮೀಟರ್ ಚೌಕ, 25 ಸೇರಿ ಒಂದು ಸಣ್ಣ ಪುಸ್ತಕ, ಪ್ರತಿ ಎರಡರ ಮಧ್ಯೆ ಒಂದು ತೆಳು ಕಾಗದ, ಅಂಟದೇ ಇರ್ಲಿ ಅಂತ ಆ ಕಾಗದಕ್ಕೆ ಕಾವಿಯಂಥ ಕೆಂಪು ಪುಡಿ ಸವರಿರ್ತಾರೆ. ಅಷ್ಟೂ 25ರಲ್ಲಿ ಇರೋ ಚಿನ್ನ ಅರ್ಧ ಗ್ರಾಮೂ ಇಲ್ಲ.

ಈಗ ನಡೆದ ಸಂಗತಿ. ಹೋದ ಜುಲೈನಲ್ಲಿ ಸುಳ್ಯದ ಕಡೆಗೆ ಒಂದು ಪಾರ್ಸಲ್ ಹೋಯ್ತು, ಸಂಪಾಜೆ ಘಾಟಿ ಇಳಿದು. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ 'ಒಡೆಯುವ ವಸ್ತು, ಎಚ್ಚರಿಕೆ' ಅಂತ ಅಂಗಡಿಲಿ ಸಿಗೋ ಚೀಟಿನೇ ಅಂಟಿಸಿದ್ದೆ. ತಲುಪಿದ ಮೇಲೆ ಅವರು ಫೋಟೋ ಕಳಿಸಿದ್ರು, ಪುಸ್ತಕದ ಒಳಗೆ ಚಿನ್ನ ಎಲ್ಲ ಒಂದು ಅಂಚಿಗೆ ಜಾರಿ ಸೇರ್ಕೊಂಡು ಸುಕ್ಕು ಸುಕ್ಕಾಗಿ ಕೂತಿತ್ತು, ನಾಲ್ಕು ಪುಸ್ತಕದಲ್ಲಿ ಒಂದೂ ಪೂರ್ತಿ ಉಳಿದಿರ್ಲಿಲ್ಲ. ನನಗೆ ತುಂಬಾ ಸಂಕಟ ಆಯ್ತು. ಪಾರ್ಸಲ್ ಸಾಗಿಸಿದ ಹುಡುಗನ್ನ ಸಿಕ್ಕಾಗ ಕೇಳಿದೆ, ಪಾಪ ಅವನು ನಿಜಾನೇ ಹೇಳಿದ: "ಸಾರ್, ಒಡೆಯೋದು ಅಂತ ಬರ್ದಿತ್ತಲ್ಲ, ಕಿವಿ ಹತ್ರ ಇಟ್ಟು ಅಲ್ಲಾಡಿಸಿ ನೋಡ್ದೆ, ಏನೂ ಸದ್ದು ಬರ್ಲಿಲ್ಲ, ಗಾಜಲ್ಲ ಅಂತ ಗೊತ್ತಾಯ್ತು, ಅದಕ್ಕೆ ಪುಸ್ತಕದ ಥರ ಸಂದಿಲಿ ನಿಲ್ಲಿಸ್ದೆ."

ಅವನ ತಪ್ಪು ಏನಿಲ್ಲ ಇದ್ರಲ್ಲಿ. ನಾನು ಬರೆದ ಪದವೇ ಅವನನ್ನ ಅಲ್ಲಾಡಿಸೋ ಹಾಗೆ ಮಾಡ್ತು. ಚಿನ್ನ ಒಡೆಯಲ್ಲ. ಒಡೆಯೋದು ಮಡಕೆ, ತೆಂಗಿನಕಾಯಿ, ಗಾಜು. ಕನ್ನಡದಲ್ಲಿ ಒಡೆಯೋದಕ್ಕೆ ಸದ್ದು ಇರಲೇಬೇಕು ಅಲ್ವಾ?

ಆವತ್ತು ಆ ಫೋಟೋ ನಮ್ಮಮ್ಮನಿಗೆ ತೋರಿಸಿದಾಗ ಅಮ್ಮ ಹೇಳಿದ್ದು, "ಅಯ್ಯೋ ಮಗ, ಎಲ್ಲಾ ನಲುಗಿ ಹೋಗಿದ್ಯಲ್ಲ." ಅಮ್ಮ ದಿನಾ ಬೆಳಿಗ್ಗೆ ಹೂ ಕಟ್ಟೋರು. ಬಾಳೆಎಲೆ ಪೊಟ್ಟಣದಲ್ಲಿ ಮಲ್ಲಿಗೆ ತರ್ತಾ ಯಾರಾದ್ರೂ ಬಸ್ಸಲ್ಲಿ ಒತ್ತಿಬಿಟ್ರೆ ಇದೇ ಮಾತು ಹೇಳ್ತಾರೆ. ಹರಿದಿಲ್ಲ, ಒಡೆದಿಲ್ಲ, ತುಂಡಾಗಿಲ್ಲ, ಇರೋದೆಲ್ಲ ಅಲ್ಲೇ ಇದೆ, ಆದ್ರೆ ಇನ್ನು ಉಪಯೋಗಕ್ಕಿಲ್ಲ. ನಮ್ಮ ಚಿನ್ನಕ್ಕೂ ಆಗೋದು ಅಕ್ಷರಶಃ ಅದೇ. ತೂಕ ಒಂದು ಮಿಲಿಗ್ರಾಮೂ ಕಮ್ಮಿ ಆಗಿರಲ್ಲ.

ಆವತ್ತಿಂದ ನಾನು ಈ ಕ್ರಿಯಾಪದಗಳನ್ನ ಬೇರೆ ಬೇರೆ ಇಟ್ಟು ನೋಡ್ತಾ ಇದೀನಿ. ಪುಸ್ತಕ ತೆಗೆದಾಗ ಉಸಿರು ತಾಗಿದ್ರೆ ಅದು ಮುದುಡುತ್ತೆ, ಯಾರೂ ಮುಟ್ಟದೇನೇ, ಮುಟ್ಟಿದರೆ ಮುನಿ ಎಲೆ ಹಾಗೆ ತಾನೇ ಒಳಗೆ ಸೇರ್ಕೊಳುತ್ತೆ. ಒದ್ದೆ ಕೈಗೆ ಸಿಕ್ಕಿದ್ರೆ ಮುದ್ದೆ ಆಗುತ್ತೆ. ಕಾಗದಕ್ಕೆ ಅಂಟಿದ್ದನ್ನ ಎಳೆದ್ರೆ ಹರಿಯುತ್ತೆ. ಗಾಡಿ ಕುಲುಕಾಟಕ್ಕೆ ಅಂಚು ಕಾಗದಕ್ಕೆ ಉಜ್ಜಿ ಉಜ್ಜಿ ಸವೆಯುತ್ತೆ. ಹೊರಗಿನ ಒತ್ತಡ, ಜಾರಾಟ, ಹಿಡಿದಾಟ ಎಲ್ಲ ಸೇರಿ ಆಗೋದು ನಲುಗೋದು. ಪಾರ್ಸಲಿಗೆ ಬೇಕಾಗಿರೋದು ಈ ಕೊನೇ ಪದ. 'ನಲುಗುವ ವಸ್ತು ಇದೆ, ಅಲ್ಲಾಡಿಸಬೇಡಿ' ಅಂತ ಬರೆದ್ರೆ ಓದಿದವನ ಕೈ ತಾನಾಗೇ ಮೆತ್ತಗಾಗುತ್ತೆ ಅಂತ ನನ್ನ ನಂಬಿಕೆ. 'ನಾಜೂಕು' ಅಂತ ಹಾಕು ಅಂತ ಕೆಲವರು ಹೇಳಿದ್ರು, ಆದ್ರೆ ಅದು ವಸ್ತುವಿನ ಗುಣ ಹೇಳುತ್ತೆ ಹೊರತು ಏನು ಆಗ್ಬಾರ್ದು ಅಂತ ಹೇಳಲ್ಲ, ಅಲ್ಲದೆ ನಮ್ಮ ಕಡೆ ನಾಜೂಕು ಅಂದ್ರೆ ಮನುಷ್ಯರ ಸ್ವಭಾವಕ್ಕೇ ಹೆಚ್ಚು ಬಳಕೆ.

ಆದ್ರೆ ನನ್ನ ತಮ್ಮ ಒಂದು ಮಾತು ಹೇಳಿದ, ಅದು ಮನಸ್ಸಲ್ಲೇ ಉಳ್ಕೊಂಡಿದೆ. 2018ರ ಆಗಸ್ಟಲ್ಲಿ ಇಲ್ಲಿ ಗುಡ್ಡ ಕುಸಿದು ಊರೂರೇ ಹೋದಾಗಿಂದ 'ಮಳೆಗೆ ನಲುಗಿದ ಕೊಡಗು' ಅನ್ನೋ ಥರದ ಮಾತು ಎಷ್ಟು ಸಲ ಕೇಳಿದೀವಿ ಅಂದ್ರೆ, ಈಗ ಆ ಪದ ನೋಡಿದ್ರೆ ಹೂವು ನೆನಪಾಗಲ್ಲ, ಕೆಸರು ನೆನಪಾಗುತ್ತೆ, ಅದನ್ನ ಪೆಟ್ಟಿಗೆ ಮೇಲೆ ಯಾಕೆ ಅಂಟಿಸ್ತೀಯ ಅಂದ. ನನಗೆ ಉತ್ತರ ಕೊಡೋಕೆ ಆಗ್ಲಿಲ್ಲ. ಹೊರಗಿನವರಿಗೆ ಈ ಭಾರ ಇರುತ್ತಾ, ಅಥವಾ ನಲುಗು ಅಂದ ತಕ್ಷಣ ಇನ್ನೂ ಹೂವೇ ಕಾಣುತ್ತಾ, ಅದನ್ನೇ ನಿಮ್ಮನ್ನ ಕೇಳ್ಬೇಕಾಗಿರೋದು.

ಇನ್ನು ವಸ್ತುವಿನ ಹೆಸರು. ಇಂಗ್ಲಿಷಿನ ಪದಕ್ಕೆ ಪದ ಇಟ್ಟು 'ಚಿನ್ನದ ಎಲೆ' ಅಂತ ಬರೆಯೋರು ಈಗ ಜಾಸ್ತಿ. ನಾನೂ ಒಂದು ಸಲ ಪಾರ್ಸಲ್ ಕೌಂಟರಲ್ಲಿ 'ಚಿನ್ನದ ಎಲೆ, 4 ಪುಸ್ತಕ' ಅಂತ ಫಾರಂ ತುಂಬಿಸಿದೆ, ಅಲ್ಲಿದ್ದವರು ಒಡವೆ ತಗೊಳಲ್ಲ ಅಂತ ವಾಪಸ್ ಕೊಟ್ರು. ಅವರಿಗೆ ಕಂಡಿದ್ದು ದೇವರಿಗೆ ಹರಕೆ ಒಪ್ಪಿಸೋ ಚಿನ್ನದ ಬಿಲ್ವಪತ್ರೆ. ಕನ್ನಡದಲ್ಲಿ ಚಿನ್ನದ ಎಲೆ ಅಂದ್ರೆ ಅದೇ ತಾನೇ, ಚಿನ್ನದಲ್ಲಿ ಮಾಡಿದ ಎಲೆ, ನರ ತೊಟ್ಟು ಎಲ್ಲ ಇರೋದು. ಕೊನೆಗೆ ಚಿತ್ರಕಲೆ ಸಾಮಗ್ರಿ ಅಂತ ಬರೆದು ಕಳಿಸಿದೆ.

'ತಗಡು' ಅಂತ ಬರೆಯೋಣ ಅಂದ್ರೆ ಅದು ಬೇರೆಯವರ ಸ್ವತ್ತು. ಇಲ್ಲಿ ಕೊಡವರ ಜೋಮಾಲೆ ನೋಡಿರ್ತೀರಿ, ಒಳಗೆ ಅರಗು ತುಂಬಿ ಮೇಲೆ ಚಿನ್ನದ ತಗಡು ಇರೋ ಗುಂಡುಗಳು, ಅದು ಬೆರಳಲ್ಲಿ ಹಿಡಿದು ಬಗ್ಗಿಸೋವಷ್ಟು ಗಟ್ಟಿ. ತೋಟದಲ್ಲಿ ತಗಡು ಅಂದ್ರೆ ಗೋಡೌನಿನ ಮಾಡು. 'ಬೇಗಡೆ' ಚೆಂದದ ಪದ, ಆದ್ರೆ ಅದು ಗೊಂಬೆಗೆ, ದೇವರ ಅಲಂಕಾರಕ್ಕೆ ಅಂಟಿಸೋ ಮಿರಮಿರ ಮಿಂಚೋ ಬಣ್ಣದ್ದು, ಅಪ್ಪಟ ಚಿನ್ನಕ್ಕೆ ಆ ಹೆಸರಿಟ್ರೆ ದುಡ್ಡು ಕೊಟ್ಟೋರಿಗೆ ಅನುಮಾನ ಬರುತ್ತೆ. ಸಿಹಿತಿಂಡಿ ಅಂಗಡಿಯವರ 'ವರ್ಕು' ಬೆಳ್ಳಿಗೆ ಅಂಟಿಕೊಂಡಿದೆ. ಅದರ ಮೂಲ ಅರಬ್ಬಿಯ ವರಕ್, ಅಂದ್ರೆ ಎಲೆ, ಪುಟ ಎರಡೂ, ಅಲ್ಲೂ ಅದೇ ಎಲೆ! 'ಪೊರೆ' ಅಂತ ನಾನೇ ಯೋಚಿಸಿದೆ, ಕಾಫಿ ಬೀಜದ ಮೇಲೆ ಬೆಳ್ಳಗೆ ತೆಳ್ಳಗೆ ಇರುತ್ತಲ್ಲ ಆ ಪೊರೆ ನೋಡಿ ಹೊಳೆದಿದ್ದು, ಆದ್ರೆ ಪೊರೆ ಯಾವುದರ ಮೇಲಾದ್ರೂ ಬೆಳೆದು ಕಳಚೋದು, ಅಂಟಿಸೋದಲ್ಲ.

ಉಳಿದಿದ್ದು 'ರೇಕು'. ಮೈಸೂರು ಚಿತ್ರಕಲೆ ಮಾಡೋರ ಬಾಯಲ್ಲಿ ಚಿನ್ನದ ರೇಕು ಅಂತ ಇದೆ, ನಾನು ಕಲಿತಿದ್ದೂ ಹಾಗೇ. ಮಕ್ಕಿ ಅನ್ನೋ ಹಳದಿ ಮರದಂಟು, ಸಫೇದು ಅನ್ನೋ ಬಿಳಿ ಪುಡಿ, ವಜ್ರ ಅನ್ನೋ ಅಂಟು ಸೇರಿಸಿ ಅರೆದು ಎಬ್ಬಿಸಿದ ಸಣ್ಣ ಉಬ್ಬಿನ ಮೇಲೆ ಕೂರಿಸೋದು ರೇಕು. ತಂಜಾವೂರಿನವರು ಬಳಸೋದು ಇದಕ್ಕಿಂತ ದಪ್ಪ, ಉಬ್ಬೂ ಎತ್ತರ. ತೆಲುಗಲ್ಲಿ ರೇಕು ಅಂದ್ರೆ ಹೂವಿನ ಎಸಳು, ಲೋಹದ ಹಾಳೆ ಎರಡೂ ಆಗುತ್ತೆ, ತಿರುಮಲದಲ್ಲಿ ಅನ್ನಮಾಚಾರ್ಯರ ಕೀರ್ತನೆ ಕೆತ್ತಿದ ತಾಮ್ರದ ಹಲಗೆಗಳೂ ರೇಕುಗಳೇ, ಶೀಟಿನ ಶೆಡ್ಡೂ ರೇಕುಗಳ ಶೆಡ್ಡೇ. ಅಂದ್ರೆ ಆ ಪದದಲ್ಲೂ ತೆಳುವಿಗೆ ಗ್ಯಾರಂಟಿ ಇಲ್ಲ. ಆದ್ರೂ ಎಸಳಿನ ಅರ್ಥ ಜೊತೇಲಿ ಇರೋದ್ರಿಂದ ನನಗೆ ಇದೇ ಇಷ್ಟ. ರೇಕು ನಲುಗುತ್ತೆ ಅಂದ್ರೆ ಕಿವಿಗೆ ಸರಿಯಾಗಿ ಕೇಳುತ್ತೆ, ತಗಡು ನಲುಗುತ್ತೆ ಅಂದ್ರೆ ಕೇಳಲ್ಲ.

ಇದರಲ್ಲೇ ಎರಡು ಬಗೆ ಇದೆ. ಕಾಗದಗಳ ಮಧ್ಯೆ ಸುಮ್ನೆ ಇಟ್ಟಿರೋದು ಒಂದು, ಕಾಗದಕ್ಕೆ ಒತ್ತಿ ಹಿಡಿಸಿರೋದು ಇನ್ನೊಂದು. ಎರಡನೇದು ಸಾಗಾಟಕ್ಕೆ ಎಷ್ಟೋ ವಾಸಿ, ಗಾಳಿ ಇರೋ ಕಡೆ ಬೋರ್ಡು ಬರೆಯೋರು ಅದನ್ನೇ ಕೇಳ್ತಾರೆ. ಮೊದಲನೇದಕ್ಕೆ ಬಿಡಿ ರೇಕು ಅಂತ ಹಾಕಿದೀನಿ. ಎರಡನೇದಕ್ಕೆ 'ಅಂಟು ರೇಕು' ಅಂದೆ, ಒಬ್ಬರು ಫೋನ್ ಮಾಡಿ ಹಿಂದೆ ಗಮ್ ಇದೆಯಾ, ಸ್ಟಿಕ್ಕರ್ ಥರ ಕಿತ್ತು ಅಂಟಿಸಬಹುದಾ ಅಂದ್ರು. ಈಗ 'ಒತ್ತು ರೇಕು' ಅಂತ ತಿದ್ದಿದೀನಿ, ಪರವಾಗಿಲ್ವಾ ನೋಡಿ. ಮಧ್ಯದ ಕಾಗದಕ್ಕೆ ಟಿಶ್ಯೂ ಅಂದ್ರೆ ಹುಡುಗೀರು ಮೂಗು ಒರೆಸೋದು ಅಂದ್ಕೊಂಡ್ರು, 'ನಡುಹಾಳೆ' ಅಂದ ಮೇಲೆ ಮತ್ತೆ ಕೇಳ್ಲಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಪಾರ್ಸಲನ್ನ ಹೇಗೆ ಇಡ್ಬೇಕು ಅನ್ನೋ ಸಾಲು. ನಿಲ್ಲಿಸಿದ್ರೆ ಬಿಡಿ ರೇಕು ಜಾರಿ ಕೆಳಗೆ ಬರುತ್ತೆ, ಅದು ನಿಲ್ಲಬಾರದು. 'ಅಡ್ಡ ಇಡಿ' ಅಂತ ಬರೆದ್ರೆ ಕೆಲವರು ಪಕ್ಕಕ್ಕೆ ವಾಲಿಸಿ ಇಡ್ತಾರೆ, ಕೆಲವರು ಉದ್ದಕ್ಕೆ ಇದ್ದದ್ದನ್ನ ಅಗಲಕ್ಕೆ ತಿರುಗಿಸ್ತಾರೆ. 'ಚಪ್ಪಟೆಯಾಗಿ ಇಡಿ' ಅಂತೂ ಬೇಡವೇ ಬೇಡ, ಚಪ್ಪಟೆ ಮಾಡೋದು ಅಂದ್ರೆ ನಮ್ಮಲ್ಲಿ ಜಜ್ಜೋದು. ಕೊನೆಗೆ ಸಾಮಾನು ಸಾಗಿಸೋರ ಮಾತೇ ತಗೊಂಡೆ, ಫ್ರಿಜ್ ತರುವಾಗ 'ಮಲಗಿಸ್ಬೇಡಿ' ಅಂತಾರಲ್ಲ, ನಾನು 'ಮಲಗಿಸಿಯೇ ಇಡಿ, ನಿಲ್ಲಿಸಬೇಡಿ' ಅಂತ ಬರೆದೆ. ಇದು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥ ಆಗ್ತಾ ಇದೆ.

ಒಳಗಿನ ಕಟ್ಟೋ ವಿಧಾನ ಹೀಗೆ ಬರೆದಿದೀನಿ, ಭಾಷೆ ಎಲ್ಲಾದ್ರೂ ಎಡವಿದ್ರೆ ಹೇಳಿ: "ಪುಸ್ತಕಕ್ಕಿಂತ ಬೆರಳಗಲ ದೊಡ್ಡದಾದ ಎರಡು ಗಟ್ಟಿ ರಟ್ಟಿನ ಮಧ್ಯೆ ಪುಸ್ತಕ ಇಡಿ. ಹತ್ತಿ ಲಾಡಿಯಲ್ಲಿ ಕಟ್ಟಿ, ಒಳಗೆ ರೇಕು ಜಾರಬಾರದು, ಆದರೆ ನಡುಹಾಳೆಗೆ ಹಿಡಿಯುವಷ್ಟು ಬಿಗಿಯೂ ಬೇಡ. ಬೆಳ್ಳಿ ರೇಕಿಗೆ ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ತೇವ ಹೀರುವ ಪುಡಿಯ ಸಣ್ಣ ಚೀಲದ ಜೊತೆ ಗಾಳಿಯಾಡದ ಕವರಿಗೆ ಹಾಕಿ. ಆ ಕವರನ್ನು ಸಣ್ಣ ಪೆಟ್ಟಿಗೆಯಲ್ಲಿ, ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಸುತ್ತ ಕಾಗದ ತುರುಕಿ. ತಲುಪಿದ ಮೇಲೆ ಕೂಡಲೇ ತೆರೆಯಬೇಡಿ, ಕೋಣೆಯ ಹವೆಗೆ ಬರಲಿ. ತೆರೆಯುವಾಗ ಫ್ಯಾನು ಆರಿಸಿ."

ಬೆಳ್ಳಿ ಕಪ್ಪಾಗೋದಕ್ಕೆ ಬೇರೆ ಒಂದೇ ಪದ ಇದ್ರೆ ತಿಳಿಸಿ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆದು, ಬೆಳ್ಳಿ ಪಾತ್ರೆ 'ಮಾಸಿದೆ' ಅಂತೀವಿ, ಆದ್ರೆ ಮಾಸಿದ್ದನ್ನ ತೊಳೆದು ತೆಗೀಬಹುದು. ರೇಕು ತೊಳೆಯೋಕಾಗಲ್ಲ. ನಮ್ಮೂರ ಮಳೆಗಾಲದಲ್ಲಿ, ಬಟ್ಟೆ ಒಣಗದೆ ಬೀರುವೆಲ್ಲ ಬೂಸಲು ಹಿಡಿಯೋ ಊರಲ್ಲಿ, ಇದು ಜೂನಿಂದ ಸೆಪ್ಟೆಂಬರ್ ತನಕ ದಿನಾ ಕಾಡೋ ಚಿಂತೆ.

ಶನಿವಾರ ಕೈಚೀಟಿ ಅಚ್ಚಿಗೆ ಕೊಡ್ಬೇಕು. ಅಷ್ಟರೊಳಗೆ ಎರಡು ವಿಷಯ ಹೇಳಿದ್ರೆ ಸಾಕು: ನಿಮ್ಮ ಊರಲ್ಲಿ ಆಚಾರಿಗಳು, ಚಿತ್ರ ಬರೆಯೋರು, ತೇರು ಮಂಟಪಕ್ಕೆ ಚಿನ್ನ ಹಚ್ಚೋರು ಇದಕ್ಕೆ ಏನಂತಾರೆ, ಆ ಮಾತು ಅವರ ಬಾಯಲ್ಲಿ ಹೇಗೆ ಬರುತ್ತೋ ಹಾಗೇ ಬರೆಯಿರಿ. ಮತ್ತೆ, 'ನಲುಗುವ ವಸ್ತು' ಅಂತ ಬರೆದಿರೋ ಒಂದು ಪೆಟ್ಟಿಗೆ ನಿಮ್ಮ ಮನೆ ಬಾಗಿಲಿಗೆ ಬಂದ್ರೆ, ನೀವು ಅದನ್ನ ಹೇಗೆ ಎತ್ಕೊಳ್ತೀರಿ?