8139: ಇಂಟರಪ್ಟ್ ಮುಚ್ಚಿದ್ದರೂ ರಿಸೀವ್ ಬಫರ್ ಬದಲಿಸುವಾಗ ಪ್ಯಾನಿಕ್

ಗದ್ದೆಬದು:
ಮೂರು ರಾತ್ರಿ ಹೋಯಿತು. ಇನ್ನು ನನ್ನಿಂದ ಆಗುತ್ತಿಲ್ಲ. ಲಿನಕ್ಸ್‌ನಲ್ಲಿ 8139 ನೆಟ್‌ವರ್ಕ್ ಕಾರ್ಡಿನ ರಿಸೀವ್ ಬಫರನ್ನು (ಬಂದ ಪ್ಯಾಕೆಟ್‌ಗಳು ಕೂರುವ ಮೆಮೊರಿ) ಎಥ್‌ಟೂಲ್ ಕಮಾಂಡ್‌ನಿಂದ 32 ಕೆಬಿಯಿಂದ 64ಕ್ಕೆ ಬದಲಿಸುತ್ತೇನೆ. ಲಿಂಕ್ ಸುಮ್ಮನಿದ್ದರೆ ಏನೂ ತೊಂದರೆಯಿಲ್ಲ. ಲಿಂಕ್ ತುಂಬಾ ಡೇಟಾ ಹರಿಸುವ ಐಪರ್ಫ್ ಓಡುತ್ತಿದ್ದರೆ ಹತ್ತರಲ್ಲಿ ಎರಡು ಸಲ ಪ್ಯಾನಿಕ್, ಕರ್ನಲ್ಲೇ ನಿಂತುಹೋಗುತ್ತದೆ. ಕಾರ್ಡ್ ಸಿಪಿಯುವನ್ನು ಕರೆಯುವ ಇಂಟರಪ್ಟ್‌ಗಳನ್ನು ತಡೆಯಲು ಮಾಸ್ಕ್ ರಿಜಿಸ್ಟರ್‌ಗೆ ಸೊನ್ನೆ ಬರೆದ ಮೇಲೆಯೇ ಹಳೇ ಬಫರ್ ಬಿಡುತ್ತಿದ್ದೇನೆ. ಇಂಟರಪ್ಟೇ ಬರದಿದ್ದರೆ ಅದನ್ನು ಮುಟ್ಟುವವರು ಯಾರು?

ಹಳೇಸ್ಲಾಟು:
ಪೋಸ್ಟೆಡ್ ರೈಟ್. ಅನುಮಾನವೇ ಬೇಡ. ನೀವು ಬರೆದ ಸೊನ್ನೆ ಕಾರ್ಡ್‌ಗೆ ಹೋಗುವ ದಾರಿಯ ಪಿಸಿಐ ಬ್ರಿಡ್ಜ್‌ನಲ್ಲೇ ಕೂತಿರುತ್ತದೆ. ಬರೆದ ತಕ್ಷಣ ಅದೇ ರಿಜಿಸ್ಟರ್ ಓದಿ, ಆಗ ಬರಹ ಕಾರ್ಡ್‌ಗೆ ಮುಟ್ಟುತ್ತದೆ.

ಗದ್ದೆಬದು:
ಓದಿಸಿ ನೋಡಿದೆ. ಮತ್ತೆ ಪ್ಯಾನಿಕ್.

ಹಳೇಸ್ಲಾಟು:
ಮಾಸ್ಕ್ ಜೊತೆ, ಏನಾಗಿದೆ ಅಂತ ಹೇಳುವ ಸ್ಟೇಟಸ್ ರಿಜಿಸ್ಟರನ್ನೂ ಓದಿ. ನಡುವೆ ಬ್ಯಾರಿಯರ್ ಹಾಕಿ, ಕ್ರಮ ತಪ್ಪದಿರಲಿ. ಇದೇ ರೋಗವನ್ನು ನಾನು ನಾಲ್ಕು ಕಾರ್ಡ್‌ಗಳಲ್ಲಿ ನೋಡಿದ್ದೇನೆ.

ಒಂಟಿಬಿಟ್:
ಒಂದು ನಿಮಿಷ. ಕರ್ನಲ್ ಜೊತೆ ಬರುವ 8139ಟೂ ಡ್ರೈವರ್‌ನಲ್ಲಿ ಈ ಬಫರ್ ಬದಲಿಸುವ ಕಾಲ್‌ಬ್ಯಾಕೇ ಇಲ್ಲ, ಅಲ್ವಾ? ಅಳತೆ ಕಂಪೈಲ್ ಮಾಡುವಾಗಲೇ ನಿಗದಿಯಾಗಿರುತ್ತದೆ. ಇದು ನಿಮ್ಮದೇ ಕೋಡಾ?

ಗದ್ದೆಬದು:
ಹೌದು, ಕಲಿಯಲು ಬರೆದದ್ದು. ಹೇಳಿದ್ದೆ ಅಂದುಕೊಂಡಿದ್ದೆ. ರಿಜಿಸ್ಟರ್ ಮುಟ್ಟುವುದೆಲ್ಲಾ ಪೋರ್ಟ್ ಐಓ ಮೂಲಕ, ಮೆಮೊರಿ ವಿಳಾಸದಿಂದಲ್ಲ.

ಒಂಟಿಬಿಟ್:
ಹಾಗಿದ್ದರೆ ಪೋಸ್ಟೆಡ್ ರೈಟ್ ಮಾತು ಇಲ್ಲಿಗೇ ಬಿಡೋಣ. ಪೋರ್ಟ್‌ಗೆ ಬರೆದದ್ದು ಪೋಸ್ಟ್ ಆಗುವುದಿಲ್ಲ.

ಹಳೇಸ್ಲಾಟು:
ಈ ಕಾರ್ಡ್‌ಗೆ ಒಪ್ಪಿದೆ. ಆದರೂ ಓದಿಸುವುದನ್ನು ತೆಗೆಯಬೇಡಿ. ನಾಳೆ ಮೆಮೊರಿ ಮ್ಯಾಪ್‌ಗೆ ಹೋದರೆ ಅದೇ ಕಾಪಾಡುತ್ತದೆ.

ಸೀರಿಯಲ್‌ತಂತಿ:
ಮೊದಲು ಪ್ಯಾನಿಕ್‌ನ ಪೂರ್ತಿ ಟ್ರೇಸ್ ಹಿಡಿಯಿರಿ. ನನ್ನ ಮೇಜಿನ ಮೇಲೆ ಎರಡು ಮಷಿನ್ ಇವೆ, ನಡುವೆ ಸೀರಿಯಲ್ ಕೇಬಲ್, 115200 ಬಾಡ್. ಒಂದು ಸತ್ತರೂ ಅದರ ಕೊನೇ ಮಾತು ಇನ್ನೊಂದರಲ್ಲಿ ಉಳಿದಿರುತ್ತದೆ. ಈಚೆಗೆ ರಿಲೇ ಹಾಕಿ ರೀಸೆಟ್ ಬಟನ್ನನ್ನೂ ಎರಡನೇ ಮಷಿನ್‌ಗೆ ಕೊಟ್ಟಿದ್ದೇನೆ. ಕುರ್ಚಿಯಿಂದ ಏಳುವ ಕೆಲಸವೇ ಇಲ್ಲ.

ಒಂಟಿಬಿಟ್:
ಯಾವ ಸಾಧನ ಯಾವ ಇಂಟರಪ್ಟ್ ಲೈನ್‌ನಲ್ಲಿದೆ ಅಂತ ತೋರಿಸುವ ಪ್ರೊಕ್ ಇಂಟರಪ್ಟ್ಸ್ ಫೈಲ್‌ನಿಂದ ನಿಮ್ಮ ಕಾರ್ಡಿನ ಸಾಲನ್ನು ಇಲ್ಲಿ ಹಾಕಿ. ಇಂಟರಪ್ಟ್ ಬಂದ ಮೇಲೆ ಪೋಲ್ ಫಂಕ್ಷನ್‌ನಿಂದ ಪ್ಯಾಕೆಟ್ ಎತ್ತಿಕೊಳ್ಳುವ ವ್ಯವಸ್ಥೆ ನಾಪಿ; ಅದನ್ನು ನಿಲ್ಲಿಸುವ ನಾಪಿ ಡಿಸೇಬಲ್ ಎಲ್ಲಿ ಕರೆಯುತ್ತಿದ್ದೀರಿ?

ಗದ್ದೆಬದು:
ಲೈನ್ 16. ಅದೇ ಸಾಲಿನಲ್ಲಿ ಯುಎಸ್‌ಬಿ ಕೂಡ ಇದೆ. ನಾಪಿ ಡಿಸೇಬಲ್ ಹಾಕಿದ್ದೆ. ‘ಸ್ಕೆಡ್ಯೂಲಿಂಗ್ ವೈಲ್ ಅಟಾಮಿಕ್’ ಅಂತ ಬಂತು, ತೆಗೆದುಬಿಟ್ಟೆ.

ಮಾಸ್ಕ್‌ಮನೆ:
ಎಲ್ಲಾ ಬಿಟ್ಟು ಡಿಸೇಬಲ್ ಐಆರ್‌ಕ್ಯೂ ಕರೆಯಿರಿ. ಒಂದೇ ಸಾಲು.

ಒಂಟಿಬಿಟ್:
ಅದು ಇಡೀ ಲೈನನ್ನೇ ಮುಚ್ಚುತ್ತದೆ. ಅವರ ಯುಎಸ್‌ಬಿ ಕೀಬೋರ್ಡ್ ಕೂಡ ನಿಲ್ಲುತ್ತದೆ. ಹಂಚಿಕೊಂಡ ಲೈನ್‌ನಲ್ಲಿ ದಯವಿಟ್ಟು ಬೇಡ.

ಮಾಸ್ಕ್‌ಮನೆ:
ಕೆಲವು ಮಿಲಿಸೆಕೆಂಡ್ ನಿಂತರೆ ಏನಾಯಿತು?

ಒಂಟಿಬಿಟ್:
ಅದೇ ಲೈನ್‌ನಲ್ಲಿ ಡಿಸ್ಕ್ ಕಂಟ್ರೋಲರ್ ಇದ್ದು, ಹೊಸ ಬಫರ್‌ಗೆ ಮೆಮೊರಿ ಹುಡುಕುವುದು ತಡವಾದರೆ? ನೆರೆಮನೆಯವರ ನೀರು ನಿಲ್ಲಿಸಿ ನಮ್ಮ ನಲ್ಲಿ ರಿಪೇರಿ ಮಾಡುವುದು ಸರಿಯಲ್ಲ.

ಗದ್ದೆಬದು, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾಸ್ಕ್‌ಗೆ ಸೊನ್ನೆ ಬರೆದ ಹೊತ್ತಿಗೆ ಪೋಲ್ ಇನ್ನೊಂದು ಕೋರ್‌ನಲ್ಲಿ ಓಡುತ್ತಿರಬಹುದು. ಅದು ಕೆಲಸ ಮುಗಿಸಿ ಮಾಸ್ಕನ್ನು ಮತ್ತೆ ತೆರೆಯುತ್ತದೆ. ನೀವು ಹೊರಗಿನಿಂದ ಬಾಗಿಲು ಹಾಕಿದಿರಿ, ಒಳಗಿದ್ದವನು ಹೊರಡುವಾಗ ತೆಗೆದಿಟ್ಟು ಹೋದ. ಇನ್ನೊಂದು ದಾರಿ ಯುಎಸ್‌ಬಿ. ಲೈನ್ ಒಂದೇ, ಹಾಗಾಗಿ ಅದರ ಇಂಟರಪ್ಟ್ ಬಂದರೂ ನಿಮ್ಮ ಇಂಟರಪ್ಟ್ ಹ್ಯಾಂಡ್ಲರ್ ಫಂಕ್ಷನ್ ಓಡುತ್ತದೆ. ಮಾಸ್ಕ್ ಸೊನ್ನೆ ಇದ್ದರೂ ಸ್ಟೇಟಸ್ ಬಿಟ್‌ಗಳು ಏಳುತ್ತಲೇ ಇರುತ್ತವೆ. ಹ್ಯಾಂಡ್ಲರ್ ಅದನ್ನು ಓದಿ ತನ್ನದೇ ಕೆಲಸ ಅಂದುಕೊಂಡು ಪೋಲ್ ಶುರು ಮಾಡುತ್ತದೆ.

ಹಾಗಾಗಿ ‘ಮುಚ್ಚಿದೆ’ ಅನ್ನುವ ಒಂದು ಫ್ಲಾಗ್ ಇಡಿ. ಮೊದಲು ಟ್ರಾನ್ಸ್‌ಮಿಟ್ ಕ್ಯೂ ನಿಲ್ಲಿಸಿ. ಲಾಕ್ ಹಿಡಿದು ಫ್ಲಾಗ್ ಏರಿಸಿ, ಮಾಸ್ಕ್ ಸೊನ್ನೆ ಮಾಡಿ, ಲಾಕ್ ಬಿಡಿ. ಹ್ಯಾಂಡ್ಲರ್ ಫ್ಲಾಗ್ ನೋಡಿದರೆ ‘ನನ್ನದಲ್ಲ’ ಅಂತ ಹಿಂದಿರುಗಲಿ. ಪೋಲ್ ಕೂಡ ಅದೇ ಲಾಕ್ ಹಿಡಿದು, ಫ್ಲಾಗ್ ನೋಡಿಯೇ ಮಾಸ್ಕ್ ತೆರೆಯಲಿ. ಆಮೇಲೆ ಸಿಂಕ್ರನೈಸ್ ಐಆರ್‌ಕ್ಯೂ, ಆಗಲೇ ಓಡುತ್ತಿರುವ ಹ್ಯಾಂಡ್ಲರ್ ಮುಗಿಯಲಿ. ಆಮೇಲೆ ನಾಪಿ ಡಿಸೇಬಲ್. ಈ ಎರಡನ್ನೂ ಲಾಕ್ ಬಿಟ್ಟೇ ಕರೆಯಬೇಕು. ನಾಪಿ ಡಿಸೇಬಲ್ ನಿದ್ದೆಗೆ ಹೋಗಬಲ್ಲದು, ಲಾಕ್ ಹಿಡಿದಾಗ ನಿದ್ದೆ ಸಲ್ಲದು, ನಿಮಗೆ ಆ ಸಂದೇಶ ಬಂದದ್ದು ಅದಕ್ಕೇ. ಹ್ಯಾಂಡ್ಲರ್ ಕಾಯುತ್ತಿರುವ ಲಾಕ್ ನಿಮ್ಮ ಕೈಯಲ್ಲೇ ಇದ್ದರೆ ಸಿಂಕ್ರನೈಸ್ ಎಂದೂ ಮುಗಿಯುವುದಿಲ್ಲ. ನಾಪಿ ಡಿಸೇಬಲ್ ಎರಡು ಸಲ ಕರೆದರೂ ಅಲ್ಲೇ ನಿಲ್ಲುತ್ತೀರಿ.

ಇಂಟರಪ್ಟ್ ಮುಚ್ಚಿದರೆ ಡಿಎಂಎ, ಅಂದರೆ ಕಾರ್ಡ್ ತಾನೇ ಮೆಮೊರಿಗೆ ಬರೆಯುವುದು, ನಿಲ್ಲುವುದಿಲ್ಲ. ರಿಸೀವರ್ ಆಫ್ ಮಾಡದೆ ಬಫರ್ ಬಿಟ್ಟರೆ ಕಾರ್ಡ್ ಆ ಜಾಗಕ್ಕೇ ಪ್ಯಾಕೆಟ್ ಸುರಿಯುತ್ತದೆ. ಆಗ ಪ್ಯಾನಿಕ್ ಇನ್ನೆಲ್ಲೋ ಬರುತ್ತದೆ, ಹುಡುಕಿ ಸುಸ್ತಾಗುತ್ತೀರಿ.

ಹಳೇಸ್ಲಾಟು:
ಇದಕ್ಕೊಂದು ಸೇರಿಸುತ್ತೇನೆ. ಹೊಸ ಬಫರ್ ಮೊದಲು ತೆಗೆದುಕೊಳ್ಳಿ, ಆಮೇಲೆ ಹಳೆಯದನ್ನು ಬಿಡಿ. ಒಟ್ಟಿಗೆ 64 ಕೆಬಿ ಸಿಗದೆ ಹೋದರೆ ಹಳೆಯದಾದರೂ ಉಳಿದಿರುತ್ತದೆ.

ಗದ್ದೆಬದು:
ಎಲ್ಲಾ ಹಾಕಿದೆ. ರಾತ್ರಿಯಿಡೀ ಐಪರ್ಫ್ ಜೊತೆ 32-64-32 ಲೂಪ್ ಓಡಿಸಿದೆ, ಒಂದೂ ಪ್ಯಾನಿಕ್ ಇಲ್ಲ. ಇಬ್ಬರಿಗೂ ಮನಸಾರೆ ಧನ್ಯವಾದ. ಆದರೆ ಬಫರ್ ಬದಲಿಸಿದ ಮೇಲೆ ಬರುವ ಮೊದಲ ಪ್ಯಾಕೆಟ್‌ಗಳ ಉದ್ದ ಏನೇನೋ ತೋರಿಸುತ್ತದೆ.

ಒಂಟಿಬಿಟ್:
ಡ್ರೈವರ್ ಎಲ್ಲಿಂದ ಓದಬೇಕು ಅನ್ನುವ ಗುರುತನ್ನು ಸೊನ್ನೆ ಮಾಡಿದಿರಾ? ರಿಸೀವರ್ ಮತ್ತೆ ಆನ್ ಮಾಡಿದಾಗ ಕಾರ್ಡ್ ಬಫರಿನ ಮೊದಲಿನಿಂದ ಬರೆಯುತ್ತದೆ. ಆ ಫಂಕ್ಷನ್ ಪೂರ್ತಿ ಇಲ್ಲಿ ಹಾಕಿ, ಸಂಜೆ ನೋಡುತ್ತೇನೆ.

ಮಾಸ್ಕ್‌ಮನೆ:
ಸೀರಿಯಲ್‌ತಂತಿ, ಆ ರಿಲೇ ಎಷ್ಟು ವೋಲ್ಟ್‌ನದು? ರೀಸೆಟ್ ಪಿನ್‌ಗೆ ನೇರ ಹಾಕಿದಿರಾ?